ಲಾರ್ಡು, ಗವರ್ನೆಸ್ಸು ಮತ್ತು ದೊಡ್ಡಮ್ಮನ ಸ್ಟೇಪ್ಲರ್

ನಮ್ಮವರ ದೊಡ್ಡಮ್ಮ ಪ್ರೇಮವಿವಾಹದ ಪರವೋ ವಿರೋಧವೋ ಎಂದು ಯಾರಾದರೂ ಕೇಳಿದರೆ, ಪುಸ್ತಕದ ಒಳಗೋ ಹೊರಗೋ ಎಂದು ನಾನು ತಿರುಗಿ ಕೇಳುತ್ತೇನೆ. ಒಳಗಾದರೆ, ಲಾರ್ಡು ಪಾತ್ರೆ ತೊಳೆಯುವವಳನ್ನು ವರಿಸಿದರೂ ಅವರು ಆನಂದಬಾಷ್ಪ ಸುರಿಸಿ ಎರಡು ಕರ್ಚೀಫು ಒದ್ದೆ ಮಾಡಿಕೊಳ್ಳುತ್ತಾರೆ. ಹೊರಗಿನ ವಿಷಯಕ್ಕೆ ನಾನೇ ಸಾಕ್ಷಿ. ನಮ್ಮಮ್ಮ ಮೈಸೂರಿನಲ್ಲಿ ನಮ್ಮವರ ಮನೆಯಲ್ಲೇ ಹನ್ನೆರಡು ವರ್ಷ ಅಡುಗೆ ಮಾಡಿದವರು. ನಮ್ಮ ಮದುವೆಯ ದಿನ ದೊಡ್ಡಮ್ಮ ಎಲ್ಲರಿಗೂ ಕೇಳುವಂತೆ, "ಹುಡುಗಿಗೆ ಅಡುಗೆಮನೆ ದಾರಿ ಯಾರೂ ತೋರಿಸಬೇಕಾಗಿಲ್ಲ ಬಿಡಿ" ಅಂದರು. ಮೊದಲ ಸಾಲಿನಲ್ಲಿ ಕೂತಿದ್ದ ಅಮ್ಮ, ಬಡಿಸೋದು ನೋಡಬೇಕು ಎಂದು ನೆಪ ಹೇಳಿ ಎದ್ದು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ನಾನು ಅದನ್ನು ಮರೆತಿರಲಿಲ್ಲ. ಮರೆಯುವ ಉದ್ದೇಶವೂ ಇರಲಿಲ್ಲ.

ಅಂಥವರು ಮೂರು ವಾರಕ್ಕೆಂದು ಮಲೇಷ್ಯಾದ ಸುಬಾಂಗ್ ಜಯಾದಲ್ಲಿರುವ ನಮ್ಮ ಫ್ಲಾಟಿಗೆ ಬಂದರು. ಬಂದ ಬೆನ್ನಿಗೇ ಕೊರೊನಾ, ಲಾಕ್‌ಡೌನ್, ವಿಮಾನ ಬಂದ್. ಒಂದೂವರೆ ವರ್ಷ ಉಳಿದರು! ಪೆಟ್ಟಿಗೆಯಲ್ಲಿ ನಾಲ್ಕು ಸೀರೆ, ಹನ್ನೊಂದು ದಪ್ಪ ಇಂಗ್ಲಿಷ್ ಕಾದಂಬರಿ. ಎಲ್ಲವೂ ಹತ್ತೊಂಬತ್ತನೇ ಶತಮಾನದವು, ಎಲ್ಲದರಲ್ಲೂ ಒಬ್ಬ ಗರ್ವಿಷ್ಠ ಲಾರ್ಡು, ಮಕ್ಕಳಿಗೆ ಮನೆಪಾಠ ಹೇಳುವ ಒಬ್ಬಳು ಬಡ ಗವರ್ನೆಸ್ಸು. ನಾಯಕಿಯ ತಾಯಿ ಮಾತ್ರ ಎಲ್ಲದರಲ್ಲೂ ಮೊದಲ ಅಧ್ಯಾಯದಲ್ಲೇ ಸತ್ತಿರುತ್ತಾಳೆ.

ನಿವೃತ್ತ ಇಂಗ್ಲಿಷ್ ಮೇಡಂ ಸುಮ್ಮನಿರುತ್ತಾರೆಯೇ? ದಿನಾ ನಾಲ್ಕು ಗಂಟೆಗೆ ನಮ್ಮನ್ನೆಲ್ಲ ಕೂರಿಸಿಕೊಂಡು ಆ ಕಥೆಗಳನ್ನು ಕನ್ನಡದಲ್ಲಿ ಹೇಳತೊಡಗಿದರು. ಅವರ ಬಾಯಲ್ಲಿ ಪಾದ್ರಿ ಪುರೋಹಿತರಾದರು, ಬಾಲ್ ಡ್ಯಾನ್ಸು ಆರತಕ್ಷತೆಯಾಯಿತು, ಲಾರ್ಡು ವಿರಹದಲ್ಲಿ ಉಪ್ಪಿಟ್ಟು ಬಿಟ್ಟ. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು "ವೈ ಕಾಂಟ್ ಹಿ ಜಸ್ಟ್ ಟೆಕ್ಸ್ಟ್ ಹರ್ ಲಾ?" ಎಂದು ಇಲ್ಲಿಯವರಂತೆ 'ಲಾ' ಸೇರಿಸಿ ಕೇಳಿ, ಕಥೆ ಮುಗಿದ ತಕ್ಷಣ ಮೈಸೂರಿನ ಅಜ್ಜಿಗೆ, ಅಂದರೆ ನಮ್ಮಮ್ಮನಿಗೆ, ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ನಾನೂ ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ ಕೇಳುತ್ತಿದ್ದೆ, ಸಿಟ್ಟು ಸಿಟ್ಟಿನ ಜಾಗದಲ್ಲಿ, ಕಥೆ ಕಥೆಯ ಜಾಗದಲ್ಲಿ. ನಡುನಡುವೆ ದೊಡ್ಡಮ್ಮ ಒಂದು ಕಂತೆ ಹಾಳೆಯನ್ನು ಒಟ್ಟಿಗೇ ಮಗುಚಿ, "ಇಲ್ಲಿ ಬರೀ ಹವಾಮಾನ, ಬಿಡಿ" ಅನ್ನುತ್ತಿದ್ದರು. ಇಂಗ್ಲೆಂಡಿನಲ್ಲಿ ಮಳೆ ಜಾಸ್ತಿ ಎಂದು ನಾನೂ ನಂಬಿದ್ದೆ. ನನ್ನ ಮೇಜಿನ ಸ್ಟೇಪ್ಲರ್ ಪದೇ ಪದೇ ಕಾಣೆಯಾಗುತ್ತಿದ್ದುದು ಮಾತ್ರ ಅರ್ಥವಾಗಿರಲಿಲ್ಲ.

ಹುಚ್ಚು ಪುಸ್ತಕಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ತಪಾವ್, ಅಂದರೆ ಪಾರ್ಸೆಲ್ ಊಟ ತರುವ ಹುಡುಗನ ಮೂಗು ನೋಡಿ, ಇವನು ಯಾವುದೋ ದೊಡ್ಡ ಮನೆತನದ ಕಳೆದುಹೋದ ಕುಡಿ ಎಂದು ತೀರ್ಮಾನಿಸಿದರು. ತನ್ನಪ್ಪ ಲಾರಿ ಓಡಿಸುತ್ತಾನೆ ಎಂದು ಅವನೇ ಹೇಳಿದರೂ ಒಪ್ಪಲಿಲ್ಲ. "ಅವನಿಗೆ ಹಾಗಂತ ಹೇಳಿ ಬೆಳೆಸಿದ್ದಾರೆ, ಪಾಪ" ಅಂದರು.

ಆಮೇಲೆ ಹನ್ನೆರಡನೇ ಮಹಡಿಯ ದಾತುಕ್ ಸಿಕ್ಕಿಬಿದ್ದರು. ದಾತುಕ್ ಎಂದರೆ ಇಲ್ಲಿನ ರಾಜಮನೆತನ ಕೊಡುವ ಬಿರುದು. ಲಾರ್ಡಾಗಲು ಇನ್ನೇನು ಬೇಕು? ಮೇಲಾಗಿ ವಿಧುರರು! ಲಾಕ್‌ಡೌನ್ ಸಡಿಲವಾದ ವಾರ ಅವರು ಕೆಳಗಿನ ತಮಿಳು ಟೈಲರಮ್ಮನ ಅಂಗಡಿಗೆ ಮೂರು ಸಲ ಹೋದದ್ದನ್ನು ದೊಡ್ಡಮ್ಮ ಬಾಲ್ಕನಿಯಿಂದ ಎಣಿಸಿದ್ದರು. ಅಂತಸ್ತಿನ ಗೋಡೆ ಒಡೆದು ಆಕೆಯ ಕೈಹಿಡಿಯಿರಿ ಎಂದು ದಾತುಕ್ಕಿಗೆ ಅನಾಮಧೇಯ ಪತ್ರ ಬರೆದೇಬಿಟ್ಟರು. ಅಭ್ಯಾಸಬಲ ನೋಡಿ, ಕೊನೆಗೆ ಹೆಸರು, ಎಂ.ಎ., ಫ್ಲಾಟ್ ನಂಬರ್ ಎಲ್ಲ ಹಾಕಿ ಸಹಿ ಮಾಡಿದರು! ಮರುದಿನ ದಾತುಕ್ ಬಾಗಿಲಿಗೆ ಬಂದು, ಎರಡು ಮಾಸ್ಕಿನ ಹಿಂದಿನಿಂದ ಬಹಳ ವಿನಯವಾಗಿ, ಮನೆಯಲ್ಲಿ ಕೂತು ತಿಂದು ಸೊಂಟ ನಾಲ್ಕಿಂಚು ಹಿಗ್ಗಿದೆ, ಪ್ಯಾಂಟುಗಳ ಹೊಲಿಗೆ ಬಿಡಿಸಲು ಹೋಗಿದ್ದೆ ಎಂದು ವಿವರಿಸಿದರು. ದೊಡ್ಡಮ್ಮ ಕದ ಹಾಕಿಕೊಂಡು, ಪುಸ್ತಕದಲ್ಲೂ ಲಾರ್ಡು ಮೊದಮೊದಲು ಹೀಗೇ ಸುಳ್ಳು ಹೇಳುತ್ತಾನೆ ಅಂದರು.

ಹೀಗಿರುವಾಗ ಅವರಿಗೆ ಲಸಿಕೆಯ ಜ್ವರ ಬಂತು. ನಾಲ್ಕು ಗಂಟೆಯಾಯಿತು, ಮಗಳು ಬಿಡಲಿಲ್ಲ, ಪುಸ್ತಕ ನನ್ನ ಕೈಗೆ ಬಂತು. ಗುರುತಿಟ್ಟ ಪುಟದ ಮುಂದಿನ ಹಾಳೆಗಳನ್ನು ಬಿಡಿಸಲಾಗಲಿಲ್ಲ. ನೋಡಿದರೆ ನಾಲ್ಕು ಸ್ಟೇಪ್ಲರ್ ಪಿನ್ನು! ಹವಾಮಾನಕ್ಕೆ ಇಷ್ಟು ಬಂದೋಬಸ್ತೇ ಎಂದು ಕಿತ್ತೆ. ಒಳಗೆ ಮಳೆಯೂ ಇರಲಿಲ್ಲ, ಮಂಜೂ ಇರಲಿಲ್ಲ. ಲಾರ್ಡಿನ ದೊಡ್ಡಮ್ಮ ತುಂಬಿದ ಸಭೆಯಲ್ಲಿ ನಾಯಕಿಯನ್ನು ಹೀಯಾಳಿಸುವ ಅಧ್ಯಾಯ ಅದು. ಉಳಿದ ಹತ್ತು ಪುಸ್ತಕಗಳನ್ನೂ ತೆಗೆದು ನೋಡಿದೆ. ಅಂತಸ್ತಿನ ಅವಮಾನ ಎಲ್ಲೆಲ್ಲಿ ಬಂದಿತ್ತೋ ಅಲ್ಲೆಲ್ಲ ಪಿನ್ನು ಹೊಡೆದಿದ್ದರು. ಒಂದೂವರೆ ವರ್ಷ ಅಂಥ ಒಂದು ಮಾತೂ ನನ್ನ ಕಿವಿಗೆ ಬೀಳಲು ಅವರು ಬಿಟ್ಟಿರಲಿಲ್ಲ.

ಮಂಚದಿಂದ ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು.

"ಅದನ್ನ ಓದಬೇಡ ಕಣೆ. ಆ ಮುದುಕಿಗೆ ಬುದ್ಧಿ ಇರಲಿಲ್ಲ." ಎದ್ದು ಕೂತು, "ನಿಮ್ಮಮ್ಮಂಗೆ ಫೋನ್ ಹಾಕಿಕೊಡು" ಅಂದರು.

ಸ್ಪೀಕರಿನಲ್ಲಿ ಹಾಕಿಕೊಟ್ಟೆ. ಲಾರ್ಡುಗಳ ಪರವಾಗಿ ಗಂಟೆಗಟ್ಟಲೆ ಮಾತಾಡುವವರು ಮೊದಲು ಮೈಸೂರಿನ ಹವಾಮಾನ ವಿಚಾರಿಸಿದರು. ಕೊನೆಗೆ, "ಮದುವೆ ದಿನ ನಾನೊಂದು ಮಾತು ಆಡಿದ್ದೆ. ತಪ್ಪು ಮಾಡಿದೆ" ಅಂದರು.

"ಕೇಳಿಸಿತ್ತು" ಅಂದರು ಅಮ್ಮ. ಆಮೇಲೆ ಅವರೇ ಕೇಳಿದರು: "ಕಥೆ ಎಲ್ಲಿಗೆ ಬಂತು? ಮೊಮ್ಮಗಳು ಅರ್ಧ ಇಂಗ್ಲಿಷಲ್ಲಿ ಹೇಳ್ತಾಳೆ, ನಂಗೆ ಏನೂ ತಿಳಿಯಲ್ಲ."

ದೊಡ್ಡಮ್ಮ ಕನ್ನಡಕ ಒರೆಸಿಕೊಂಡು, ದಿಂಬಿಗೆ ಒರಗಿ, ಮೊದಲಿನಿಂದ ಶುರು ಮಾಡಿದರು. ಆ ಕಾದಂಬರಿಯಲ್ಲೂ ನಾಯಕಿಯ ತಾಯಿ ಮೂರನೇ ಪುಟದಲ್ಲೇ ಸತ್ತಿದ್ದಳು. ಅವತ್ತು ದೊಡ್ಡಮ್ಮ ಹೇಳಿದ ಕಥೆಯಲ್ಲಿ ಮಾತ್ರ ಅವಳು ಸಾಯಲಿಲ್ಲ. ಕೊನೆಯವರೆಗೂ ಬದುಕಿದ್ದು, ಮಗಳ ಮದುವೆಯಲ್ಲಿ ಮೊದಲ ಸಾಲಿನಲ್ಲೇ ಕೂತಿದ್ದಳು.