ಕೈ ಬಿಡದ ವಿಮಾನ

ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಭಾನುವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ, ಮೂರನೇ ಮಹಡಿಯ ಮನೆಯೊಂದರ ಊಟದ ಮೇಜಿನ ಮೇಲೆ, ಒಂದು ಅಂಟಿನ ಟ್ಯೂಬು ಕೊನೆಯುಸಿರೆಳೆಯಿತು. ವಯಸ್ಸು ಏಳು ತಿಂಗಳು. ರಾತ್ರಿ ಮುಚ್ಚಳ ಹಾಕಲು ಮರೆತದ್ದೇ ಸಾವಿಗೆ ಕಾರಣವೆಂದು ತಿಳಿದುಬಂದಿದೆ. ಮೃತರು ಅರ್ಧ ಕಟ್ಟಿದ ಒಂದು ಪ್ಲಾಸ್ಟಿಕ್ ವಿಮಾನ, ಎರಡು ರೆಕ್ಕೆ, ಮೂರು ಚಕ್ರ ಹಾಗೂ ತಾಳೆ ಸಾಹೇಬರನ್ನು ಅಗಲಿದ್ದಾರೆ.

ತಾಳೆ ಸಾಹೇಬರು ಮರದಷ್ಟೇ ಉದ್ದ ಇದ್ದರೂ ಆ ಹೆಸರು ಬಂದದ್ದು ಮರದಿಂದಲ್ಲ. ನೋಂದಣಿ ಕಚೇರಿಯಲ್ಲಿ ಅವರ ಕೆಲಸ ಸಹಿ ತಾಳೆ ನೋಡುವುದು. ಇಪ್ಪತ್ತೆರಡು ವರ್ಷದಿಂದ ಭೂತಗನ್ನಡಿ ಹಿಡಿದು, ಈ ಸಹಿಯ ಬಾಲಕ್ಕೂ ಆ ಸಹಿಯ ಬಾಲಕ್ಕೂ ಕೂದಲೆಳೆ ವ್ಯತ್ಯಾಸ ಕಂಡರೂ ಕಾಗದವನ್ನು ವಾಪಸು ತಳ್ಳುತ್ತ ಬಂದವರು. ಮನೆಗೆ ಬಂದರೆ ಅದೇ ಭೂತಗನ್ನಡಿಯಲ್ಲಿ ಪ್ಲಾಸ್ಟಿಕ್ ವಿಮಾನ ಜೋಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಬಿಡಿಭಾಗ ಬರುತ್ತದೆ, ಒಂದೊಂದನ್ನೂ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಅವರ ಏಕೈಕ ಚಟ ಅದು. ಆ ಚಟಕ್ಕೆ ಬಲಿಯಾದದ್ದು ಮನೆಯ ಏಕೈಕ ಊಟದ ಮೇಜು. ನಾಲ್ಕು ವರ್ಷದಿಂದ ಅದರ ಮೇಲೆ ವಿಮಾನಗಳು ಇಳಿಯುತ್ತಿದ್ದವೇ ಹೊರತು ಒಂದು ತಟ್ಟೆಯೂ ಇಳಿದಿರಲಿಲ್ಲ. ಮನೆಮಂದಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು.

ಕಳೆದ ವಾರ ಹೆಂಡತಿಯ ಹೊಸ ಬಟ್ಟೆಯ ಮೇಲೆ ಸಾರು ಚೆಲ್ಲಿತು. ಅಂದೇ ಅಂತಿಮ ತೀರ್ಪು ಹೊರಬಿತ್ತು.

"ಭಾನುವಾರ ನಿಮ್ಮ ಸಂಘದ ಸ್ಪರ್ಧೆ ಇದೆಯಲ್ಲ? ಅಲ್ಲಿಂದ ಬಹುಮಾನ ಬಂತೋ, ಮೇಜು ನಿಮ್ದು. ಇನ್ನು ನಾನು ತುಟಿ ಪಿಟಕ್ ಅನ್ನಲ್ಲ. ಬರ್ಲಿಲ್ವೋ, ಮೇಜು ನಂದು. ನಿಮ್ಮ ವಿಮಾನ ನಿಲ್ದಾಣ ಪೂರ್ತಿ ಅಟ್ಟಕ್ಕೆ."

ಸಾಹೇಬರು ಒಪ್ಪಿದರು. ಕಾರಣ, ಮಂಚದ ಕೆಳಗೆ ಸಾವಿರದಿನ್ನೂರು ಬಿಡಿಭಾಗಗಳ ಯುದ್ಧನೌಕೆಯ ಪೆಟ್ಟಿಗೆಯೊಂದು ಅವಿತು ಕೂತಿತ್ತು. ಅದನ್ನು ಕಟ್ಟಲು ಇಡೀ ಮೇಜು ಬೇಕು, ಎರಡು ವರ್ಷ ಬೇಕು. ಹೆಂಡತಿಗೆ ನೌಕೆಯ ಸುಳಿವಿರಲಿಲ್ಲ. ಬಹುಮಾನ ಗೆದ್ದ ಸಂಭ್ರಮದಲ್ಲಿ ಅದನ್ನು ನೀರಿಗಿಳಿಸುವುದೆಂದು ಸಾಹೇಬರ ಮಹಾ ಯೋಜನೆ.

ಈಗ ನೋಡಿದರೆ ಅಂಟೇ ಇಲ್ಲ. ಸ್ಪರ್ಧೆ ನಡೆಯುವ ಹಾಲ್‌ನಲ್ಲಿ ಸಂಜೆ ಐದಕ್ಕೆ ಅರ್ಜಿ ಬಂದ್. ಅಂಗಡಿಗೆ ಫೋನ್ ಮಾಡಿದರೆ ಭಾನುವಾರ ರಜೆ. ಆ ಫೋನನ್ನು ಮನೆಯೊಳಗಿಂದ ಮಾಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸಿಗ್ನಲ್ ಸಿಗಲಿಲ್ಲವೆಂದು ಮೆಟ್ಟಿಲ ಮೇಲೆ ನಿಂತು ಮಾಡಿದರು.

"ಏನ್ ಸಾರ್, ಅಂಟಾ?" ಎರಡನೇ ಮಹಡಿಯ ಬಡಗಿ ತಲೆ ಎತ್ತಿ ಕೇಳಿದ. "ಕೆಳಗಡೆ ನಾನೊಬ್ಬ ಇರೋವಾಗ ಅಂಗಡಿಗೆ ಯಾಕ್ ಸಾರ್ ಫೋನು?"

ಎರಡೇ ನಿಮಿಷಕ್ಕೆ ಸಣ್ಣ ಬಕೆಟ್ಟಿನಷ್ಟು ದೊಡ್ಡ ಡಬ್ಬದೊಂದಿಗೆ ಮೇಲೆ ಬಂದ. ಒಳಗೆ ಮೊಸರಿನಂಥ ಬಿಳಿ ಅಂಟು.

"ಇದ್ರಲ್ಲಿ ನಾನು ಕೂರಿಸಿದ ಬೀರು, ಮನೆ ಬಿದ್ರೂ ಬೀಳಲ್ಲ."

"ಇದು ಪ್ಲಾಸ್ಟಿಕ್ಕು ಕಣಪ್ಪ."

"ಅಂಟಿಗೆ ಅದೆಲ್ಲ ಗೊತ್ತಾಗುತ್ತಾ ಸಾರ್? ನೀವು ಹೇಳದಿದ್ರೆ ಆಯ್ತು."

ಬೀರುವಿಗೆ ಹಚ್ಚುವಷ್ಟು ಹಚ್ಚಿ, ರೆಕ್ಕೆ ಕೂರಿಸಿ, ಕಬ್ಬಿಣದ ಕ್ಲಾಂಪು ಬಿಗಿದು, "ಎರಡು ಗಂಟೆ ಮುಟ್ಬೇಡಿ" ಎಂದು ಕಾವಲಿಗೆ ತಾನೇ ಕೂತ. ಹನ್ನೊಂದೂವರೆಗೆ ಕ್ಲಾಂಪು ಸಡಿಲಿಸಿದಾಗ ರೆಕ್ಕೆ ಒಂದು ಕಡೆ ಬಿತ್ತು, ವಿಮಾನ ಇನ್ನೊಂದು ಕಡೆ ಬಿತ್ತು, ಅಂಟು ಮಾತ್ರ ಹಾಲಿನ ಕೆನೆಯಂತೆ ಇಡಿಯಾಗಿ ಎದ್ದು ಬಡಗಿಯ ಕೈಗೆ ಬಂತು.

"ಛೆ, ಎಂಥಾ ಅಂಟು ನೋಡಿ ಸಾರ್," ಅವನು ಅದನ್ನು ಎಳೆದು ತೋರಿಸಿದ. "ಹರಿಯೋದೇ ಇಲ್ಲ! ನಿಮ್ಮ ವಿಮಾನದ್ದೇ ತೊಂದರೆ."

ಬಾಗಿಲು ತೆರೆದೇ ಇತ್ತು. ಎದುರುಮನೆಯ ರಸಾಯನಶಾಸ್ತ್ರದ ಮೇಷ್ಟ್ರು, ನಿವೃತ್ತರಾಗಿ ಎಂಟು ವರ್ಷದಿಂದ ಒಬ್ಬ ವಿದ್ಯಾರ್ಥಿಗಾಗಿ ಹಸಿದು ಕೂತಿದ್ದವರು, ಒಳಗೆ ಬಂದರು.

"ಮರ ಅಂಟನ್ನ ಕುಡಿಯುತ್ತೆ. ಪ್ಲಾಸ್ಟಿಕ್ಕು ಕುಡಿಯಲ್ಲ," ಎಂದು ಶುರುಮಾಡಿದರು. "ನೋಡಿ ಇವರೇ, ಇದನ್ನ ಅಂಟಿಸಬಾರದು, ಕರಗಿಸಬೇಕು. ಎರಡೂ ಅಂಚು ಚೂರು ಚೂರು ಕರಗಿ, ಒಂದರೊಳಗೊಂದು ಸೇರಿ, ದ್ರಾವಕ ಹಾರಿಹೋದ ಮೇಲೆ ಎರಡೂ ಒಂದೇ ತುಂಡು. ಯಾವುದು ಇದು, ಯಾವುದು ಅದು ಅಂತ ಹೇಳೋಕೇ ಆಗಲ್ಲ. ಥೇಟ್ ದಾಂಪತ್ಯ!"

"ಮೇಷ್ಟ್ರೇ," ಅಡುಗೆಮನೆಯಿಂದ ದನಿ ಬಂತು, "ನಮ್ಮನೇಲಿ ಕರಗ್ತಿರೋದು ಒಬ್ರೇ!"

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಸತ್ತ ಟ್ಯೂಬಿನ ಗುಣವೂ ಅದೇ ಆಗಿತ್ತು. ಅವರ ಮನೆಯ ಕಪಾಟಿನಲ್ಲಿ ಅಂಥದ್ದೇ ದ್ರಾವಕದ ಸಣ್ಣ ಶೀಶೆಯೂ ಇತ್ತು. ತೊಂದರೆ ಏನೆಂದರೆ, ಅದು ಬರಲು ಒಂದು ನಿಮಿಷ ಹಿಡಿಯಿತು, ಅದರ ಇತಿಹಾಸ ಮುಗಿಯಲು ಒಂದೂಮುಕ್ಕಾಲು ಗಂಟೆ ಹಿಡಿಯಿತು. ಬಡಗಿ ಎರಡು ಸಲ ತೂಕಡಿಸಿ ಎದ್ದ.

"ಕುಂಚದ ತುದೀಲಿ ಒಂದು ಹನಿ. ನೆನಪಿಡಿ, ಒಂದೇ ಒಂದು!" ಎಂದು ಮೇಷ್ಟ್ರು ತೋರುಬೆರಳನ್ನು ಮೇಲೆತ್ತಿದರು. ಬೆರಳಿನ ಜೊತೆ ಮೊಣಕೈಯೂ ಎದ್ದಿತು. ಮೊಣಕೈಗೆ ಶೀಶೆ ತಗುಲಿತು.

ನೀರಿಗಿಂತ ತೆಳುವಾದ ಆ ದ್ರಾವಕ, ವಿಮಾನದ ಸಂದಿ ಹಿಡಿದು ಸರ್ರನೆ ಓಡಿ, ಸಾಹೇಬರ ಬೆರಳಿನಡಿ ಹೋಗಿ ತಂಗಿತು. ಬೆರಳೆತ್ತಿ ನೋಡಿದರೆ ವಿಮಾನದ ಹೊಟ್ಟೆಯ ಮೇಲೆ ಸುರುಳಿ ಸುರುಳಿಯಾಗಿ ಪೂರ್ತಿ ಬೆರಳಚ್ಚು. ನೋಂದಣಿ ಕಚೇರಿಯಲ್ಲಿ ಇಷ್ಟು ಸ್ಪಷ್ಟವಾಗಿ ಯಾರೂ ಹೆಬ್ಬೆಟ್ಟು ಒತ್ತಿರಲಿಲ್ಲ. ರೆಕ್ಕೆಗಳೇನೋ ಕಚ್ಚಿಕೊಂಡವು. ಒಂದು ಆಕಾಶ ನೋಡುತ್ತಿತ್ತು, ಇನ್ನೊಂದು ಭೂಮಿ.

"ಸಿದ್ಧಾಂತ ಸರಿಯಾಗೇ ಇದೆ," ಎಂದು ಖಾಲಿ ಶೀಶೆ ಎತ್ತಿಕೊಂಡು ಮೇಷ್ಟ್ರು ಹೊರಟರು.

ಅವು ಒಣಗುವಷ್ಟರಲ್ಲಿ ಗಂಟೆ ಮೂರು. ಚಕ್ರಗಳೂ, ಪೈಲಟ್ ಕೂರುವ ಜಾಗದ ಗಾಜಿನಂಥ ಮುಚ್ಚಳವೂ ಬಾಕಿ. ಆ ಹೊತ್ತಿಗೆ ಸರಿಯಾಗಿ ನಾದಿನಿ ಬಂದಳು. ಬೀದಿಯ ತುದಿಯಲ್ಲಿ ಅವಳದೊಂದು ಉಗುರು ಸಿಂಗರಿಸುವ ಅಂಗಡಿ ಇತ್ತು. ಅಕ್ಕ ಫೋನಿನಲ್ಲಿ ಹೇಳಿದ್ದನ್ನು ಕೇಳಿ ನಗಲೆಂದೇ ಬಂದಿದ್ದಳು, ಆದರೆ ಕೈಯಲ್ಲಿ ಕೆಲಸದ ಪೆಟ್ಟಿಗೆಯೂ ಇತ್ತು.

"ಅಯ್ಯೋ ಭಾವ, ನನ್ನನ್ನ ಬೆಳಗ್ಗೇನೇ ಕರೀಬಾರ್ದಾ? ನಕಲಿ ಉಗುರು ಕೂರ್ಸೋ ಅಂಟಿದೆ. ಐದು ಎಣಿಸಿ, ಅಷ್ಟೇ! ನನ್ನ ಗಿರಾಕಿಯೊಬ್ರು ಮೂರು ವಾರ ಪಾತ್ರೆ ತಿಕ್ಕಿದ್ರೂ ಒಂದುಗುರು ಅಲ್ಲಾಡಿಲ್ಲ."

ಚಕ್ರಗಳು ನಿಜಕ್ಕೂ ಐದು ಎಣಿಸುವುದರಲ್ಲಿ ಕೂತವು. ಸಾಹೇಬರಿಗೆ ಹೋದ ಜೀವ ಬಂತು. ಎಡ ಅಂಗೈಯಲ್ಲಿ ವಿಮಾನವನ್ನು ಹೊತ್ತು, ಬಲ ಹೆಬ್ಬೆರಳಿನಿಂದ ಮುಚ್ಚಳವನ್ನು ಒತ್ತಿ ಹಿಡಿದರು. ನಾದಿನಿ ಸುತ್ತಲೂ ಅಂಟು ಬಿಟ್ಟಳು. ಹೆಚ್ಚಾದದ್ದು ಮೇಲಿನಿಂದ ಹೆಬ್ಬೆರಳಿಗೂ, ಕೆಳಗಿಳಿದು ಅಂಗೈಗೂ ಸಮನಾಗಿ ಹಂಚಿಕೆಯಾಯಿತು.

"ಒಂದು, ಎರಡು, ಮೂರು, ನಾಲ್ಕು, ಐದು. ಬಿಡಿ ಭಾವ."

"ಬಿಟ್ಟಿದ್ದೀನಿ."

"ಬಿಡಿ ಅಂದ್ರೆ."

"ನಾನು ಬಿಟ್ಟಿದ್ದೀನಮ್ಮ, ಅದು ಬಿಡ್ತಿಲ್ಲ!"

ಎರಡೂ ಕೈ ವಿಮಾನಕ್ಕೆ ಅಂಟಿದ್ದವು. ಅಷ್ಟರಲ್ಲಿ ಅಂಟಿನ ಆವಿಗೆ ಮುಚ್ಚಳ ಒಳಗೊಳಗೇ ಬೆಳ್ಳಗಾಗಿ, ಬಿಸಿನೀರ ಸ್ನಾನವಾದ ಮೇಲಿನ ಬಚ್ಚಲುಮನೆ ಕನ್ನಡಿಯಂತಾಯಿತು. ಒಳಗಿದ್ದ ಪುಟ್ಟ ಪೈಲಟ್ ಮಂಜಿನಲ್ಲಿ ಮಾಯವಾದ.

"ಗಾಬರಿ ಆಗ್ಬೇಡಿ, ಉಗುರು ಬಿಡ್ಸೋ ಅಸಿಟೋನ್ ಇದೆ," ಎಂದು ನಾದಿನಿ ಹತ್ತಿ ಅದ್ದಿ ಒತ್ತಿದಳು. ಎರಡು ನಿಮಿಷ ಕಳೆಯಿತು. ಬೆರಳು ಬಿಡಲಿಲ್ಲ. ಆದರೆ ಎಡರೆಕ್ಕೆ, ಒಲೆಯ ಪಕ್ಕ ಇಟ್ಟ ಮೇಣದಬತ್ತಿಯಂತೆ ಮೆಲ್ಲಗೆ ತಲೆಬಾಗಿತು.

"ಅಸಿಟೋನಾ?" ಎದುರುಮನೆಯಿಂದ ಮೇಷ್ಟ್ರು ಕಿರುಚಿದರು. "ನಿಲ್ಲಿಸಮ್ಮ! ಪ್ಲಾಸ್ಟಿಕ್ಕು ಕರಗಿಹೋಗುತ್ತೆ!"

"ಕರಗಿಸಬೇಕು ಅಂತ ನೀವೇ ಅಂದ್ರಂತಲ್ಲ!"

ಎಳೆದು, ತಿರುಚಿ, ಬಿಡಿಸಲು ನೋಡುವಷ್ಟರಲ್ಲಿ ನಾಲ್ಕೂ ಮುಕ್ಕಾಲು. ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು, ಗಂಡನನ್ನೂ ವಿಮಾನವನ್ನೂ ಒಂದು ಸುತ್ತು ನೋಡಿ, "ಸೋಲು ಒಪ್ಕೊಳ್ತೀರಾ?" ಎಂದಳು. ಮಂಚದ ಕೆಳಗಿನ ನೌಕೆ ಸಾಹೇಬರ ಕಣ್ಮುಂದೆ ತೇಲಿತು.

"ಇಲ್ಲ. ನಡಿ. ಬಾಗಿಲು ತೆಗಿ. ಲಿಫ್ಟ್ ಒತ್ತು."

ಹೀಗೆ, ಎಳೆಗೂಸನ್ನು ಲಸಿಕೆಗೆ ಒಯ್ಯುವವರಂತೆ ವಿಮಾನವನ್ನು ಎದೆಮಟ್ಟದಲ್ಲಿ ಹಿಡಿದು ತಾಳೆ ಸಾಹೇಬರು ಎರಡು ಬೀದಿ ನಡೆದರು. ದಾರಿಯಲ್ಲಿ ಕಚೇರಿಯವರೊಬ್ಬರು ಕೈಕುಲುಕಲು ಬಂದು ರೆಕ್ಕೆ ಕುಲುಕಿ ಹೋದರು. ಸಿಗ್ನಲ್ ಹತ್ತಿರ ಸಾಹೇಬರ ಮೂಗು ತುರಿಸಿತು.

"ಎಡಕ್ಕೆ... ಸ್ವಲ್ಪ ಮೇಲೆ... ಹಾಂ, ಅಲ್ಲೇ."

"ಬಹುಮಾನ ಬರ್ಲಿ ಬಿಡ್ಲಿ, ಈ ಸೇವೆ ನಾಳೆಯಿಂದ ಇಲ್ಲ," ಎಂದಳು ಹೆಂಡತಿ, ತುರಿಸುತ್ತ.

ಹಾಲ್‌ನ ಬಾಗಿಲಲ್ಲಿ ಸಂಘದ ಕಾರ್ಯದರ್ಶಿಣಿ ಅರ್ಜಿಗಳನ್ನು ಕಟ್ಟುತ್ತಿದ್ದರು. ಐದಕ್ಕೆ ಮೂರು ನಿಮಿಷ.

"ಅರ್ಜಿ ತುಂಬಿ, ಸಹಿ ಮಾಡಿ."

ಸಾಹೇಬರು ವಿಮಾನ ತೋರಿಸಿದರು.

"ವಿಮಾನ ಕೆಳಗಿಡಿ, ಸಹಿ ಮಾಡಿ."

"ಇಡೋಕಾಗಲ್ಲ ಮೇಡಂ. ನಾವಿಬ್ರೂ ಒಂದೇ ತುಂಡು."

"ಸಹಿ ಇಲ್ದೆ ತಗೊಳ್ಳಲ್ಲ. ಜೊತೆಗೆ ಬಂದವರು ಮಾಡಿದ್ರೂ ನಡೆಯುತ್ತೆ."

ಹೆಂಡತಿ ಪೆನ್ನು ತೆಗೆದಳು. "ಹೇಳಿ, ನಿಮ್ಮ ಸಹಿ ಹೇಗಿರುತ್ತೆ? ಕೊನೇಲಿ ಒಂದು ಸೊಟ್ಟ ಗೆರೆ ಅಲ್ವಾ?"

ಸಾಹೇಬರ ಮುಖ ಕೆಂಪಾಯಿತು. ಇಪ್ಪತ್ತೆರಡು ವರ್ಷದ ನೌಕರಿ ಮೈಮೇಲೆ ಬಂತು.

"ಏನು? ನನ್ನ ಸಹಿ ನೀನು ಹಾಕೋದಾ? ಅದು ಫೋರ್ಜರಿ! ನನ್ನ ಕಣ್ಣೆದುರೇ! ಯಾರು ಬರೀತಾರೋ ಅವರದೇ ಹೆಸರು, ಅವರದೇ ಸಹಿ. ಕಾನೂನು ಅಂದ್ರೆ ಕಾನೂನು."

"ಸರಿ ಬಿಡಿ, ನನ್ನದೇ ಹಾಕ್ತೀನಿ."

ಹಾಕಿದಳು. ಐದು ಹೊಡೆಯಿತು.

ತೀರ್ಪುಗಾರರು ವಿಮಾನ ದುರಸ್ತಿ ಶೆಡ್ಡಿನಲ್ಲಿ ಮೂವತ್ತು ವರ್ಷ ದುಡಿದ ಮುದುಕ ಮೆಕ್ಯಾನಿಕ್. ಸಾಹೇಬರನ್ನು ನೋಡಿದವರೇ ಬೋಗುಣಿಯಲ್ಲಿ ಬೆಚ್ಚಗಿನ ಸೋಪಿನ ನೀರು ತರಿಸಿದರು. ಹತ್ತು ನಿಮಿಷ ನೆನೆಸಿ, ಮೆಲ್ಲಗೆ ಹೊರಳಿಸಿ ಹೊರಳಿಸಿ ಕೈ ಬಿಡಿಸಿದರು. ಹೆಬ್ಬೆರಳಿನ ತುಸು ಚರ್ಮವೂ ಬಣ್ಣದ ಚಕ್ಕೆಗಳೂ ಅದಲುಬದಲಾದವು.

ಆಮೇಲೆ ಅವರು ಮೇಜುಗಳ ನಡುವೆ ನಡೆದರು. ನಲವತ್ತು ವಿಮಾನಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಯಾವುದರ ಮುಂದೆಯೂ ಅವರು ಅರ್ಧ ನಿಮಿಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಕೊನೆಯ ಮೇಜಿಗೆ ಬಂದು ನಿಂತವರು ಕದಲಲೇ ಇಲ್ಲ. ಕನ್ನಡಕ ಹಾಕಿದರು. ಬಾಗಿದ ರೆಕ್ಕೆ ನೋಡಿದರು. ಮಂಜುಗಟ್ಟಿದ ಮುಚ್ಚಳದೊಳಗೆ ಇಣುಕಿದರು. ಹೊಟ್ಟೆಯ ಮೇಲಿನ ಬೆರಳಚ್ಚಿನ ಮೇಲೆ ತಮ್ಮ ಹೆಬ್ಬೆರಳಿಟ್ಟು ನೋಡಿದರು.

"ಮೂವತ್ತು ವರ್ಷದಲ್ಲಿ ಹೊಸ ವಿಮಾನ ಅಂತ ಒಂದನ್ನೂ ನಾನು ಕಂಡಿಲ್ಲ," ಎಂದರು ಮೈಕು ಹಿಡಿದು. "ನನ್ನ ಹತ್ರ ಬರ್ತಿದ್ದಿದ್ದೆಲ್ಲ ಹೀಗೇ. ರೆಕ್ಕೆ ಸೊಟ್ಟ, ಗಾಜು ಮಬ್ಬು, ಎಲ್ಲಿ ನೋಡಿದ್ರೂ ಯಾರದೋ ಗ್ರೀಸಿನ ಕೈ. ಇವತ್ತು ಈ ಹಾಲ್‌ನಲ್ಲಿ ಇರೋದು ನಲವತ್ತು ಆಟದ ಸಾಮಾನು, ಒಂದೇ ಒಂದು ವಿಮಾನ. ಮೊದಲ ಬಹುಮಾನ ಇದಕ್ಕೆ!"

ಚಪ್ಪಾಳೆ ಬಿತ್ತು. ತಾಳೆ ಸಾಹೇಬರಿಗೆ ನೆಲ ಕಾಣಲಿಲ್ಲ. ಯುದ್ಧನೌಕೆ ಅವರ ಕಿವಿಯಲ್ಲಿ ಸೈರನ್ ಊದಿತು. ಅಂಗಿ ಸರಿಮಾಡಿಕೊಂಡು ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟರು. ಅಷ್ಟರಲ್ಲಿ ಕಾರ್ಯದರ್ಶಿಣಿ ಅರ್ಜಿ ನೋಡಿ ಹೆಸರು ಓದಿದರು. ಓದಿದ್ದು ಹೆಂಡತಿಯ ಹೆಸರು.

"ಮೇಡಂ, ಕಟ್ಟಿದ್ದು ನಾನು!" ಸಾಹೇಬರು ಕೂಗಿದರು. "ಎಲ್ರೂ ನೋಡಿದ್ದೀರಿ! ನನ್ನ ಚರ್ಮ ಇನ್ನೂ ಅದರ ಮೇಲಿದೆ!"

"ಇರಬಹುದು ಸಾರ್. ಆದ್ರೆ ಅರ್ಜೀಲಿ ಹೆಸರು ಇವರದು, ಸಹಿ ಇವರದು. ಸಹಿ ಮಾಡಿದವರೇ ಸ್ಪರ್ಧಿ. ನಿಯಮ ಅಂದ್ರೆ ನಿಯಮ."

ಕಚೇರಿಯ ಕಿಟಕಿಯಾಚೆ ನಿಂತು ಗೋಗರೆದ ಸಾವಿರಾರು ಜನರಿಗೆ ಸಾಹೇಬರೇ ಕೊಟ್ಟಿದ್ದ ಉತ್ತರ ಅದು. ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದರು.

ಹೆಂಡತಿ ವೇದಿಕೆ ಹತ್ತಿ ಬಹುಮಾನ ತೆಗೆದುಕೊಂಡು ಇಳಿದಳು. ಒಂದು ಕಪ್ಪು, ಜೊತೆಗೆ ಒಂದು ಡಬ್ಬಿ. ಡಬ್ಬಿಯ ತುಂಬ ಪ್ಲಾಸ್ಟಿಕ್ ವಿಮಾನಕ್ಕೆಂದೇ ತಯಾರಾದ ಅಸಲಿ ಅಂಟು, ಮುಚ್ಚಳ ತೆರೆಯದ ಹನ್ನೆರಡು ಟ್ಯೂಬು.

"ಬಹುಮಾನ ಬಂತು ನೋಡೇ," ಸಾಹೇಬರು ಮೆಲ್ಲಗೆ ಪ್ರಯತ್ನಿಸಿದರು. "ಅಂದ್ರೆ... ಮೇಜು..."

"ಬಂತು. ಯಾರಿಗ್ ಬಂತು?"

"ನಮ್ಮಿಬ್ಬರಿಗೆ."

"ಮಾತು ಬದಲಾಯಿಸ್ಬೇಡಿ. ಕಾನೂನು ಅಂದ್ರೆ ಕಾನೂನು ಅಂದೋರು ಯಾರು? ಇವತ್ತು ರಾತ್ರಿ ಊಟ ಮೇಜಿನ ಮೇಲೆ. ತಂಗಿಗೂ ಬಾ ಅಂದಿದ್ದೀನಿ, ಮೇಷ್ಟ್ರಿಗೂ."

ಅಷ್ಟರಲ್ಲಿ ಕಾರ್ಯದರ್ಶಿಣಿ ಅರ್ಜಿಯ ಜೊತೆ ರಸೀದಿಯನ್ನೂ ಹಿಡಿದು ಬಂದರು. ಪಡೆದವರ ಸಹಿಯ ಜಾಗದಲ್ಲಿ ಹೆಂಡತಿ ಸಹಿ ಹಾಕಿದಳು. "ಸಾರ್, ಈಗ ನಿಮ್ಮ ಕೈ ಬಿಡುವಾಗಿದೆಯಲ್ಲ," ಎಂದು ಕಾರ್ಯದರ್ಶಿಣಿ ಕೆಳಗಿನ ಸಾಲು ತೋರಿಸಿದರು. "ಇಲ್ಲಿ ಸಾಕ್ಷಿ ಅಂತಿದೆ. ಒಂದು ಸಹಿ ಮಾಡಿಬಿಡಿ."

ಸಾಹೇಬರು ಪೆನ್ನು ಹಿಡಿದರು. ಆಮೇಲೆ ಜೇಬಿನಿಂದ ಭೂತಗನ್ನಡಿ ತೆಗೆದು, ಅರ್ಜಿಯ ಮೇಲಿನ ಸಹಿಗೂ ರಸೀದಿಯ ಮೇಲಿನ ಸಹಿಗೂ ಏನಾದರೂ ವ್ಯತ್ಯಾಸ ಇದೆಯೇ ಎಂದು ಬಹಳ ಹೊತ್ತು, ಬಹಳ ಆಸೆಯಿಂದ ನೋಡಿದರು.

ಚುಕ್ಕಿ ಸಮೇತ ತಾಳೆಯಾಯಿತು.