ಏಣಿಯಿಲ್ಲದ ಲೀಗಿನ ಅಧ್ಯಕ್ಷರಿಗೆ ಸಲಗರೆಯಿಂದ

ಸಾಂಗಲಿ-ಮಿರಜ ಮೊಬೈಲ್ ಕದನ ಲೀಗಿನ ಘನ ಅಧ್ಯಕ್ಷರಾದ ಮಾನ್ಯರೇ,

ಮಿರಜದ ತಮ್ಮ ಕಚೇರಿಯ ಎ.ಸಿ. ತಂಪಾಗಿಯೂ, ತಮ್ಮ ಸೋದರಳಿಯ ಸುಶಾಂತರ 'ಮಹಾಸಿಂಹ' ತಂಡವು ಎಂದಿನಂತೆ ಮೇಲಿನ ಸಾಲಿನ ಕಟ್ಟಕಡೆಯ ಸ್ಥಾನದಲ್ಲಿ ಕ್ಷೇಮವಾಗಿಯೂ ಇದೆಯೆಂದು ನಂಬಿ, ಸಲಗರೆಯ ಕುರಿಗಾರ ನಾಗನಾಥನು ಮಾಡುವ ಅನಂತ ನಮಸ್ಕಾರಗಳು. ಈ ಪತ್ರವನ್ನು ಮರಾಠಿಯಲ್ಲಿ ಬರೆಯಬಹುದಿತ್ತು; ಆದರೆ ನನಗೆ ಸಿಟ್ಟು ಬರುವುದು ಕನ್ನಡದಲ್ಲಿ, ಮತ್ತು ತಮ್ಮ ಮನೆಯಲ್ಲೂ ಊಟಕ್ಕೆ ಕರೆಯುವುದು ಕನ್ನಡದಲ್ಲೇ ಎಂದು ಕೇಳಿದ್ದೇನೆ.

ಐದೈದು ಜನ ಎದುರುಬದುರು ಕೂತು ಮೊಬೈಲಿನಲ್ಲಿ ಒಬ್ಬರ ಕೋಟೆ ಒಬ್ಬರು ಹಿಡಿಯುವ ಆಟಕ್ಕೆ ಲೀಗ್ ಎಂಬ ಮರ್ಯಾದೆ ತಂದುಕೊಟ್ಟವರು ತಾವು. ತಂಡಗಳನ್ನು ಮೇಲಿನ ಸಾಲು, ಕೆಳಗಿನ ಸಾಲು ಎಂದು ಎರಡು ಮಾಡಿ, ಮೇಲಿನವರಿಗೆ ಮಿರಜದಲ್ಲಿ ಮೆತ್ತನೆಯ ಕುರ್ಚಿ, ದೊಡ್ಡ ಪರದೆ, ತಣ್ಣನೆಯ ಶರಬತ್ತು; ಕೆಳಗಿನವರಿಗೆ ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ತಗಡಿನ ಶೆಡ್ಡು ಮತ್ತು ಪಕ್ಕದ ಲೇತ್ ಮಶೀನಿನ ಸಂಗೀತ ಎಂದು ಹಂಚಿದವರೂ ತಾವೇ. ನನ್ನ ಅಣ್ಣ ಗುರಲಿಂಗನ ಮಗಳು ಪೂನಮ ನಾಯಕಿಯಾಗಿರುವ 'ಸಲಗರೆ ಟಗರು' ತಂಡ ಆ ಸಂಗೀತದ ನಡುವೆಯೇ ಕೆಳಗಿನ ಸಾಲಿನವರನ್ನೆಲ್ಲ ಮಣ್ಣು ಮುಕ್ಕಿಸಿ ಮೊದಲನೆಯದಾಯಿತು.

ಇಲ್ಲಿ ನಮ್ಮಿಂದ ಒಂದು ಪ್ರಮಾದ ನಡೆದುಹೋಯಿತು. ಮೊದಲು ಬಂದವರು ಮೇಲೆ ಹೋಗುತ್ತಾರೆಂದು ಹಳ್ಳಿ ಬುದ್ಧಿಯಿಂದ ತಿಳಿದು, ನಮ್ಮಲ್ಲಿ ಶುಭಕಾರ್ಯಕ್ಕೆ ಮಾಡುವಂತೆ, ನನ್ನ ತಾಯಿ ತಂಗೆವ್ವ ಮಡಿಲಿನಿಂದ ಭಂಡಾರ ತೆಗೆದು "ಗೆದ್ದಳಪಾ ನನ್ನ ಮೊಮ್ಮಗಳು!" ಎಂದು ಮುಷ್ಟಿ ತುಂಬ ಹಾರಿಸಿಬಿಟ್ಟಳು. ಆ ಅರಿಶಿನದ ಮೋಡದೊಳಗಿಂದ ತಾವು ಸೀನುತ್ತಲೇ ಪ್ರತ್ಯಕ್ಷರಾಗಿ, ತಲೆಯಿಂದ ಬೂಟಿನವರೆಗೆ ಹಳದಿಯಾಗಿದ್ದರೂ ಗಾಂಭೀರ್ಯ ಬಿಡದೆ, "ಮ್ಯಾಲಿನವರು ಮ್ಯಾಲ ಖಾಯಂ, ಕೆಳಗಿನವರು ಕೆಳಗ ಖಾಯಂ ರಿ. ಎಲ್ಲಾರಿಗೂ ಒಂದ ನ್ಯಾಯ" ಎಂದು ಅಪ್ಪಣೆ ಕೊಡಿಸಿದಿರಿ. ಅದಕ್ಕೆ ನಮ್ಮವ್ವ, "ಒಂದನೇ ನಂಬರ ಬಂದ್ರೂ ಅದ ವರ್ಗದಾಗ ಕುಂದ್ರು ಅಂತಾರಲ್ಲ, ಇದ್ಯಾವ ಶಾಲಿ ರಿ ಸಾಹೇಬ್ರ?" ಎಂದು ಕೇಳಿದ್ದು ತಮ್ಮ ಕಿವಿಗೆ ಬೀಳಲಿಲ್ಲ. ಲೇತ್ ಮಶೀನು ಜೋರಾಗಿತ್ತು, ಪಾಪ.

ತಮಗೆ ಇದು ಆಟ. ಪೂನಮಳಿಗೆ ಇದು ಈ ವರ್ಷದ ಗಡುವು. ನಮ್ಮಣ್ಣ ಹಟಮಾರಿ ಮನುಷ್ಯ. "ಮ್ಯಾಲಿನ ಸಾಲಿಗಿ ಹ್ವಾದ್ರ ಆಡು, ಇಲ್ಲಾಂದ್ರ ಮೊಬೈಲ್ ಇಟ್ಟು ಸಾಂಗಲಿಗಿ ಮಾವಶಿ ಕಡೆ ಹೊಲಿಗಿ ಕಲ್ಯಾಕ ನಡಿ" ಎಂದು ಮೊದಲೇ ಹೇಳಿಬಿಟ್ಟಿದ್ದಾನೆ; ಆಕೆಯ ಆ ಚಿಕ್ಕಮ್ಮ ಅಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಹೊಲಿಗೆ ಒಳ್ಳೆಯ ವಿದ್ಯೆಯೇ. ಆದರೆ ಈ ಹುಡುಗಿ ನನ್ನ ಅಂಗಿಗೆ ಗುಂಡಿ ಹಚ್ಚಿದಾಗ ತೋಳನ್ನೂ ಸೇರಿಸಿ ಹೊಲಿದವಳು. ಅದೇ ಕೈ ಮೊಬೈಲಿನ ಮೇಲೆ ಓಡುವುದನ್ನು ನೋಡಿದರೆ ಕಣ್ಣು ತುಂಬುತ್ತದೆ. ಗೆದ್ದೂ ಆಕೆ ಮೂಲೆ ಸೇರುವುದೆಂದರೆ ನನ್ನ ಹೊಟ್ಟೆ ಉರಿಯುತ್ತದೆ, ಮಾನ್ಯರೇ, ಸುತ್ತಿ ಬಳಸಿ ಏಕೆ ಹೇಳಲಿ.

ನನಗೆ ಲೀಗ್ ಕಟ್ಟುವ ಶಾಸ್ತ್ರ ತಿಳಿಯದು, ಕುರಿ ಕಾಯುವುದು ತಿಳಿದಿದೆ. ಹಿಂಡಿನ ಮುಂದೆ ನಡೆಯುವ ಟಗರಿಗೆ ನಾವು ಗಂಟೆ ಕಟ್ಟುತ್ತೇವೆ. ಅದು ದಾರಿ ಬಿಟ್ಟು ಕಂಡವರ ಕಬ್ಬಿಗೆ ನುಗ್ಗತೊಡಗಿದರೆ ಗಂಟೆ ಬಿಚ್ಚಿ, ಹಿಂದಿನಿಂದ ನೆಟ್ಟಗೆ ನಡೆದು ಬರುತ್ತಿರುವ ಇನ್ನೊಂದಕ್ಕೆ ಕಟ್ಟುತ್ತೇವೆ. ಬಿಚ್ಚಿಸಿಕೊಂಡ ಟಗರನ್ನು ಯಾರೂ ಹಿಂಡಿನಿಂದ ಓಡಿಸುವುದಿಲ್ಲ. ಮುಂದಿನ ವರ್ಷ ಚೆನ್ನಾಗಿ ನಡೆದರೆ ಗಂಟೆ ಮತ್ತೆ ಅದಕ್ಕೇ. ಗಂಟೆ ಕಟ್ಟುವಾಗ ಟಗರಿನ ಸೋದರಮಾವ ಯಾರೆಂದು ಕೇಳುವ ಪದ್ಧತಿ ಮಾತ್ರ ನಮ್ಮಲ್ಲಿ ಇನ್ನೂ ಬಂದಿಲ್ಲ.

ಆದರೂ ತಮ್ಮ ಖಾಯಂ ಸಿದ್ಧಾಂತಕ್ಕೆ ನಾನು ಮಾರುಹೋಗಿದ್ದೇನೆ. ಇಂಥ ರತ್ನವನ್ನು ಲೀಗಿನಲ್ಲೇ ಮುಚ್ಚಿಡುವುದು ಲೋಕಕ್ಕೆ ಮಾಡುವ ಅನ್ಯಾಯ. ಮಳೆಗಾಲದಲ್ಲಿ ಕಸಬೆ ಡಿಗ್ರಜದ ಹತ್ತಿರ ಕೃಷ್ಣೆ ದಂಡೆ ಹತ್ತತೊಡಗಿದಾಗ ತಾವೇ ದಯಮಾಡಿಸಿ, ಕೆಳಗಿನವರು ಮೇಲೇರುವಂತಿಲ್ಲವೆಂಬ ನಿಯಮವನ್ನು ನದಿಗೊಮ್ಮೆ ಓದಿ ಹೇಳಬೇಕು. ಮಿರಜದ ಬಸ್ಸಿನಲ್ಲಿ ನಿಂತವರು ನಿಂತೇ ಇರುವಂತೆ, ಕೂತವರು ತಮ್ಮ ಊರು ಬಂದರೂ ಇಳಿಯದಂತೆ ಏರ್ಪಾಡು ಮಾಡಬೇಕು. ನನ್ನ ಮೊಣಕಾಲ ನೋವು ಮಾತ್ರ ಖಾಯಂ ಆಗದಂತೆ ವಿನಾಯಿತಿ ಕೊಡಿಸಬೇಕು.

ಇವೆಲ್ಲ ಆಗದಿದ್ದರೆ ಒಂದೇ ಪಂದ್ಯ ಕೊಡಿ. ಮೇಲಿನ ಸಾಲಿನ ಕೊನೆಯವರು, ಕೆಳಗಿನ ಸಾಲಿನ ಮೊದಲಿನವರು. ಗೆದ್ದವರು ಮೇಲೆ, ಸೋತವರು ಕೆಳಗೆ, ಪ್ರತಿ ವರ್ಷ ಹೀಗೇ. ನಮ್ಮವರು ಸೋತರೆ ಪೂನಮಳನ್ನು ಹೊಲಿಗೆ ಕ್ಲಾಸಿಗೆ ನಾನೇ ನನ್ನ ಗಾಡಿಯಲ್ಲಿ ಬಿಟ್ಟು ಬರುತ್ತೇನೆ, ತಮ್ಮ ಮೇಲೆ ಒಂದು ಮಾತೂ ಆಡುವುದಿಲ್ಲ.

ಎಂದೆಂದಿಗೂ ಕೆಳಗಿನ ಸಾಲಿನಲ್ಲೇ ನಿಂತಿರುವ
ತಮ್ಮ ವಿಶ್ವಾಸಿ,
ನಾಗನಾಥ, ಸಲಗರೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸುಶಾಂತರೇ ತಂಡ ಕಟ್ಟಿಕೊಂಡು ಬೈಕುಗಳ ಮೇಲೆ ನಮ್ಮ ಅಂಗಳಕ್ಕೆ ಬಂದರು. "ಕಾಕಾ, ಸೋತರೂ ಮ್ಯಾಲ, ಗೆದ್ದರೂ ಮ್ಯಾಲ. ಕುಂತು ಕುಂತು ಬ್ಯಾಸರಾಗೇತಿ. ಮಾಮಾಗ ಕೇಳೂದ ಬ್ಯಾಡ, ನಾವ ಆಡಿಬಿಡೂನು" ಎಂದರು. ಅವ್ವನ ಕಂಬಳಿಯ ಮೇಲೆ ಕೂತು ಎರಡೂ ತಂಡದವರು ಆಡಿದರು. ಮಹಾಸಿಂಹಗಳ ಕೋಟೆ ಚಹಾ ಕುದಿಯುವ ಮೊದಲೇ ಬಿತ್ತು. ಸುಶಾಂತರು ಎದ್ದು ನಿಂತು, "ನನ್ನ ಜಾಗಾ ನಿನಗ, ಪೂನಮ" ಎಂದರು. ಅಷ್ಟೊತ್ತೂ ಕಂಬಕ್ಕೆ ಒರಗಿ ನೋಡುತ್ತಿದ್ದ ನಮ್ಮಣ್ಣ ಮಗಳಿಗೆ ಹೇಳಿದ: "ಹೊಲಿಗಿ ಕ್ಲಾಸಿಗಿ ಮಾವಶಿ ಬ್ಯಾರೆ ಯಾರನ್ನರ ನೋಡಿಕೊಳ್ಳಲಿ. ನೀ ಮಿರಜಕ್ಕ ಹೋಗಿ ಆ ಕುರ್ಚಿ ಮ್ಯಾಲ ಕುಂದ್ರು." ಆದ್ದರಿಂದ ಮೇಲೆ ಬೇಡಿಕೊಂಡ ಪಂದ್ಯವನ್ನು ದಯಪಾಲಿಸುವ ತೊಂದರೆ ತಾವು ತೆಗೆದುಕೊಳ್ಳಬೇಕಿಲ್ಲ, ಅದು ಮುಗಿದಿದೆ. ಶನಿವಾರ ಮೇಲಿನ ಸಾಲಿನ ಆಟಕ್ಕೆ ನಮ್ಮ ಹುಡುಗಿ ಬರುತ್ತಾಳೆ. ಕೆಳಗಿನ ಸಾಲಿಗೆ ಇಳಿದ ಅಳಿಯಂದಿರಿಗೆ ಕುಪವಾಡದ ಶೆಡ್ಡಿನ ದಾರಿ ತಾವೇ ತೋರಿಸಿಕೊಡಬೇಕು.