ಗೆಲುವಿಗೆ ನಾಲ್ಕು ಮನೆ ಇದ್ದಾಗ

ನಮ್ಮ ಕಡೆಯ ಸೈಕಲ್ ರೇಸಿನಲ್ಲಿ ತುಳಿಯುವವರಿಗಿಂತ ಹೆಚ್ಚು ಸುಸ್ತಾಗುವುದು ನೋಡಲು ಹೋದವರಿಗೆ. ವರ್ಷ ವರ್ಷವೂ ಏನಾದರೊಂದು ಆಗುತ್ತದೆ, ವರ್ಷ ವರ್ಷವೂ ನನ್ನ ರಕ್ತ ಕುದಿಯುತ್ತದೆ. ಆದರೆ ತೊಂಬತ್ತರ ದಶಕದ ಕೊನೆಯ ಆ ಭಾನುವಾರದಷ್ಟು ಸಿಟ್ಟು ಯಾವತ್ತೂ ಬಂದಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಮ್ಮ ರೇಸಿಗಿಳಿದಿದ್ದ. ಮೊದಲು ಬಂದವನೊಬ್ಬನಿಗೆ ಮಾತ್ರ ರಾಜ್ಯಮಟ್ಟದ ರೇಸಿಗೆ ಹೋಗುವ ಅವಕಾಶ. ಮುಂದಿನ ವರ್ಷಕ್ಕೆ ಇವನ ವಯಸ್ಸು ಮೀರುತ್ತಿತ್ತು. ಇದೇ ಕೊನೆಯದು.

ಇನ್ನೊಂದ್ಸಲ ಬಾವುಟ

ಹೂಟಗಳ್ಳಿಯಲ್ಲಿ ಏಳಕ್ಕೆ ಶುರು ಎಂದಿದ್ದರು. ಬಾವುಟ ಬೀಸಬೇಕಾದ ಮುಖ್ಯ ಅತಿಥಿಗಳು ಬಂದದ್ದು ಒಂಬತ್ತಕ್ಕೆ. ಬಂದವರೇ ಮೈಕ್ ಹಿಡಿದು, ಬೆಳಿಗ್ಗೆ ಬೇಗ ಏಳುವುದರ ಪ್ರಯೋಜನಗಳನ್ನು ಅರ್ಧ ಗಂಟೆ ವಿವರಿಸಿದರು. ಅಂತೂ ಬಾವುಟ ಬೀಸಿದರು. ನನ್ನ ತಮ್ಮ ಎಲ್ಲರನ್ನೂ ಹಿಂದಿಕ್ಕಿ ಹಾರಿದ. ಅಷ್ಟರಲ್ಲಿ ಫೋಟೋದವನು, "ಸಾರ್, ಫ್ಲಾಶ್ ಬೀಳ್ಲಿಲ್ಲ" ಅಂದ.

"ಹಾಗಾದ್ರೆ ವಾಪಸ್ ಕರೀರಿ" ಅಂದರು ಅತಿಥಿಗಳು.

ರೇಸ್ ನಡೆಸುವ ಸಂಘದ ಕಾರ್ಯದರ್ಶಿ ಬೈಕ್ ಹತ್ತಿ, ಅಟ್ಟಿಸಿಕೊಂಡು ಹೋಗಿ ಎಲ್ಲರನ್ನೂ ತಿರುಗಿಸಿದರು. ಹಿಂದೆ ಉಳಿದಿದ್ದವರು ಮೊದಲು ವಾಪಸ್ ಬಂದು ಮುಂದಿನ ಸಾಲು ಹಿಡಿದರು. ಎಲ್ಲರಿಗಿಂತ ದೂರ ಹೋಗಿದ್ದ ನನ್ನ ತಮ್ಮನಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು. ಇದು ಯಾವ ನ್ಯಾಯ ಎಂದು ಕಾರ್ಯದರ್ಶಿಯ ಮೇಲೆ ಎಗರಾಡಿದೆ.

ಅವರು ಸಮಾಧಾನವಾಗಿ, "ನಿಮ್ಮ ತಮ್ಮಂಗೆ ಅಷ್ಟು ಜೋರಾಗಿ ಹೋಗು ಅಂತ ಯಾರ್ರೀ ಹೇಳಿದ್ದು?" ಅಂದರು.

ಸುಸ್ವಾಗತ

ಸ್ಕೂಟರಿನಲ್ಲಿ ಅಡ್ಡದಾರಿ ಹಿಡಿದು ಬೋಗಾದಿ ಹತ್ತಿರದ ಹೊಸ ಬಡಾವಣೆಗೆ ಬಂದೆ. ಅಲ್ಲೊಬ್ಬ ಗೃಹಿಣಿ ರೇಸಿನವರಿಗಾಗಿ ರಸ್ತೆಯ ಅಗಲಕ್ಕೂ ಬಣ್ಣದ ರಂಗೋಲಿ ಬಿಟ್ಟಿದ್ದರು. ನಡುವೆ ಒಂದು ಸೈಕಲ್ಲು, ಕೆಳಗೆ 'ಸುಸ್ವಾಗತ'. ನೋಡಿ ಮನಸ್ಸು ತಂಪಾಯಿತು. ಸೈಕಲ್ಲುಗಳು ಬಂದವು. ಆಕೆ ಎರಡೂ ಕೈ ಚಾಚಿ ಅಡ್ಡ ನಿಂತರು.

"ತುಳೀಬೇಡ್ರಪ್ಪಾ! ಐದು ಗಂಟೆಗೆ ಎದ್ದು ಬಿಟ್ಟಿದೀನಿ. ಇಳಿದು ಚರಂಡಿ ಪಕ್ಕ ತಳ್ಕೊಂಡು ಹೋಗಿ."

ಅಷ್ಟೂ ಜನ ಇಳಿದು ಒಬ್ಬೊಬ್ಬರಾಗಿ ತಳ್ಳಿಕೊಂಡು ಹೋದರು. ನನ್ನ ಮೈಯೆಲ್ಲ ಉರಿಯಿತು. "ರೇಸಿಗೆ ಅಂತ ಬಿಟ್ಟ ರಂಗೋಲಿ ಮೇಲೆ ರೇಸ್ನೋರೇ ಹೋಗಬಾರದಾ?" ಎಂದೆ.

"ನೋಡ್ಲಿ ಅಂತ ಬಿಟ್ಟಿದ್ದು ಕಣ್ರೀ. ಮೊದ್ಲು ಆ ಸ್ಕೂಟರ್ ಆಫ್ ಮಾಡಿ, ಹೊಗೆಗೆ ಪುಡಿ ಹಾರ್ತಿದೆ."

ಆಫ್ ಮಾಡಿದೆ.

ಆರತಿ

ರೇಸ್ ಮುಗಿಯುವುದು ದಟ್ಟಗಳ್ಳಿಯ ನಮ್ಮ ಬೀದಿಯಲ್ಲೇ. ನಮ್ಮ ಮನೆ ದಾಟಿ ನಾಲ್ಕು ಮನೆ ಆಚೆಗೆ ಸುಣ್ಣದ ಗೆರೆ ಎಳೆದಿದ್ದರು. ನಾನು ಗೆರೆಯ ಹತ್ತಿರ ನಿಂತಿದ್ದೆ. ತಿರುವಿನಲ್ಲಿ ಮೊದಲು ಕಂಡವನು ನನ್ನ ತಮ್ಮ! ಕಟ್ಟಕಡೆಯ ಸಾಲಿನಿಂದ ಹೊರಟವನು ಎಲ್ಲರನ್ನೂ ದಾಟಿ ಬಂದಿದ್ದ. ಎರಡನೆಯವನು ಎಷ್ಟೋ ಹಿಂದಿದ್ದ. ನನ್ನ ಕಣ್ಣು ತುಂಬಿ ಬಂತು.

ಆಗ ನಮ್ಮಮ್ಮ ಆರತಿ ತಟ್ಟೆ ಹಿಡಿದು ರಸ್ತೆಗಿಳಿದಳು. "ನಿಲ್ಲು ಮಗಾ, ಇಡೀ ಬೀದಿ ಕಣ್ಣು ನಿನ್ನ ಮೇಲಿದೆ."

ನಿಂತೇಬಿಟ್ಟ! ಹುಟ್ಟಿದಾಗಿನಿಂದ ಅಮ್ಮನ ಆರತಿ ದಾಟಿ ಹೋದವನಲ್ಲ. ಅಮ್ಮ ಒಂದು ಸುತ್ತು ಎತ್ತುವಷ್ಟರಲ್ಲಿ ಗಾಳಿಗೆ ಕರ್ಪೂರ ಆರಿತು. ಆರಿದ ಆರತಿ ಎತ್ತಬಾರದೆಂದು ಪಕ್ಕದ ಮನೆಯವರನ್ನು ಬೆಂಕಿಪೊಟ್ಟಣಕ್ಕೆ ಓಡಿಸಿದಳು.

"ಹೋಗ್ಲಿ ಬುಡಮ್ಮಾ, ಅವನ್ನ ಬುಟ್ಬುಡು!" ಎಂದು ಅರಚಿದೆ. ಎರಡನೆಯವನು ಅವರ ಪಕ್ಕದಲ್ಲೇ ಹಾದು ಗೆರೆ ದಾಟಿದ. ಆಮೇಲೆ ಕಡ್ಡಿ ಗೀರಿದ್ದಾಯಿತು, ಮೂರು ಸುತ್ತು ಆಯಿತು, ಹಣೆಗೆ ಬೊಟ್ಟೂ ಆಯಿತು. ಪುಣ್ಯಕ್ಕೆ ಮೂರನೆಯವನು ಇನ್ನೂ ತಿರುವಿಗೇ ಬಂದಿರಲಿಲ್ಲ.

ತಮ್ಮ ಗೆರೆ ದಾಟಿ, ಸೈಕಲ್ಲನ್ನು ಗೋಡೆಗೆ ಒರಗಿಸಿ, ತಲೆ ತಗ್ಗಿಸಿ ಕೂತ. ಅವನನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಗೆದ್ದಿದ್ದ ಕಣಮ್ಮಾ! ನಿನ್ನ ಆರತಿ ಎಲ್ಲಾ ಹಾಳು ಮಾಡ್ತು!"

ಅಮ್ಮ ಆರತಿ ನೀರನ್ನು ರಸ್ತೆಗೆ ಚೆಲ್ಲಿ, ಸೆರಗಿಗೆ ಕೈ ಒರೆಸಿಕೊಂಡಳು.

"ಯಾಕೋ ಕಿರುಚ್ತೀಯ? ಹೋದ ವರ್ಷ ಆರತಿ ಎತ್ಲಿಲ್ಲ, ನಾಲ್ಕನೇದು ಬಂದ. ಈ ವರ್ಷ ಎತ್ತಿದೆ, ಎರಡನೇದು ಬಂದಿದಾನೆ. ಇನ್ನೂ ಏನ್ ಮಾಡ್ಬೇಕಿತ್ತು ನಾನು?"